ಕಿಕ್ಕರ್ ಅಲ್ಲಾಡದ ಬೈಕು: ಆರು ವರ್ಷ ಮಳೆ ಬಿಸಿಲಲ್ಲಿ ನಿಂತಿದೆ, ಎಲ್ಲಿಂದ ಶುರು ಮಾಡಬೇಕು?

ಒಂಟಿಸಿಲಿಂಡರ್:

150 ಸಿಸಿ, ನಾಲ್ಕು ಸ್ಟ್ರೋಕ್, ಏರ್ ಕೂಲ್ಡ್ ಬೈಕು. ಕಾರ್ಬೊರೇಟರ್ ಗಾಡಿ, ಮುಂದೆ ಡಿಸ್ಕ್, ಹಿಂದೆ ಡ್ರಮ್. ಆರು ವರ್ಷದಿಂದ ಬಯಲಲ್ಲೇ ನಿಂತಿದೆ. ಶುರುವಿನಲ್ಲಿ ಮೇಲೊಂದು ತಾರ್ಪಾಲು ಇತ್ತು, ಅದು ಹರಿದ ಮೇಲೆ ಮಳೆ ಬಿಸಿಲು ಎರಡೂ ನೇರವಾಗಿ ಬಿದ್ದಿವೆ.

ಈಗಿನ ಸ್ಥಿತಿ ಹೀಗಿದೆ. ಕಿಕ್ಕರ್ ಒಂದಿಂಚು ಇಳಿದು ಕಲ್ಲಿಗೆ ತಾಗಿದ ಹಾಗೆ ನಿಲ್ಲುತ್ತೆ. ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ಕರಕರ ಅನ್ನುತ್ತಾ ತಿರುಗುತ್ತೆ, ಮುಂದಿನದು ಅಲ್ಲಾಡೋದೇ ಇಲ್ಲ. ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲ್ ಉಳಿದಿದೆ, ಆದರೆ ಅದರ ವಾಸನೆ ಹಳೇ ಬಣ್ಣದ ಡಬ್ಬಿಯ ಹಾಗಿದೆ. ಟ್ಯಾಂಕಿನ ಒಳಗೋಡೆ ಪೂರ್ತಿ ಕೆಂಪಗಾಗಿದೆ. ಡಿಪ್‌ಸ್ಟಿಕ್ ತೆಗೆದರೆ ಆಯಿಲ್ ಹಾಲು ಬೆರೆತ ಹಾಗೆ ಬೆಳ್ಳಗಿದೆ. ಬ್ಯಾಟರಿ 3 ವೋಲ್ಟ್ ತೋರಿಸುತ್ತೆ. ಟೈರಿನ ಪಕ್ಕಗಳು ಬಿರುಕು ಬಿಟ್ಟಿವೆ, ಮುಂದಿನ ಫೋರ್ಕ್ ಕೊಳವೆಗಳ ಮೇಲೆ ತುಕ್ಕಿನ ಚುಕ್ಕೆಗಳಿವೆ.

ಎಂಜಿನ್ ಬಿಚ್ಚದೆ ಬಿಡಿಸೋಕಾಗುತ್ತಾ? ಪ್ಲಗ್ ತೂತಿಗೆ ಡೀಸೆಲ್ ಹಾಕಿದರೆ ಸಾಕಾ? ಟ್ಯಾಂಕಿಗೆ ಆಸಿಡ್ ಹಾಕಬಹುದಾ? ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನೋದೂ ಬೇಕು.

ಟ್ಯಾಪೆಟ್‌ಸದ್ದು:

ಮೊದಲು ಕಿಕ್ಕರ್ ಮೇಲಿಂದ ಕಾಲು ತೆಗೀರಿ. ಹಿಡಿದುಕೊಂಡಿರೋ ಎಂಜಿನ್ನನ್ನು ಒದ್ದರೆ ಕಿಕ್ಕರ್ ಶಾಫ್ಟಿನ ಗೇರ್ ಹಲ್ಲು ಮುರಿಯುತ್ತೆ, ಇಲ್ಲಾಂದ್ರೆ ಬೋರಿಗೆ, ಅಂದರೆ ಪಿಸ್ಟನ್ ಓಡಾಡೋ ಕೊಳವೆಗೆ, ಅಂಟಿದ ಪಿಸ್ಟನ್ ರಿಂಗು ತುಂಡಾಗುತ್ತೆ. ಹಲವು ಗಾಡಿಗಳಲ್ಲಿ ಆ ಕಿಕ್ಕರ್ ಗೇರ್ ಬದಲಿಸಬೇಕಾದರೆ ಕ್ರ್ಯಾಂಕ್‌ಕೇಸನ್ನೇ ಎರಡು ಹೋಳು ಮಾಡಬೇಕಾಗುತ್ತೆ. ಮೂರು ದಿನ ಕಾದರೆ ಮುಗಿಯೋ ಕೆಲಸಕ್ಕೆ ಅಷ್ಟು ದೊಡ್ಡ ದಂಡ ಬೇಡ.

ಹಿಡಿದಿರೋದು ಏನು ಅಂತ ತಿಳಿದರೆ ಬಿಡಿಸೋ ದಾರಿ ಸುಲಭ. ಎಂಜಿನ್ ಕೊನೆಯ ಸಲ ನಿಂತಾಗ ಒಂದು ವಾಲ್ವು ಸ್ವಲ್ಪ ತೆರೆದಿದ್ದರೂ ಸಾಕು, ಸೈಲೆನ್ಸರ್ ಕಡೆಯಿಂದಲೋ ಕಾರ್ಬೊರೇಟರ್ ಕಡೆಯಿಂದಲೋ ತೇವದ ಗಾಳಿ ವರ್ಷಗಟ್ಟಲೆ ಬೋರಿನೊಳಗೆ ಓಡಾಡುತ್ತೆ. ಬೀಡುಕಬ್ಬಿಣದ ಬೋರಿನಲ್ಲಿ ರಿಂಗಿನ ಅಂಚಿಗೆ ತುಕ್ಕು ಸಣ್ಣ ದಿಣ್ಣೆಯ ಹಾಗೆ ಕಟ್ಟಿಕೊಳ್ಳುತ್ತೆ. ಪಿಸ್ಟನ್ ತಡೆದು ನಿಲ್ಲಿಸಿರೋದು ಕೂದಲಿನಷ್ಟು ದಪ್ಪದ ಆ ತುಕ್ಕು. ಆಯಿಲ್ ಅದರೊಳಗೆ ಇಳಿದು ನೆನೆಸಬೇಕು. ಆ ಕೆಲಸಕ್ಕೆ ಸಮಯ ಬೇಕು, ಬಲ ಬೇಡ.

ಪ್ಲಗ್ ತೆಗೆಯೋ ಮೊದಲು ಸುತ್ತಲಿನ ಮಣ್ಣನ್ನು ಗಾಳಿ ಊದಿ ತೆಗೀರಿ, ಇಲ್ಲದಿದ್ದರೆ ಅದೆಲ್ಲ ಒಳಗೆ ಬೀಳುತ್ತೆ. ಪ್ಲಗ್ ಬುಡಕ್ಕೆ ತುಕ್ಕು ಬಿಡಿಸೋ ಆಯಿಲ್ ಹಾಕಿ ಒಂದು ರಾತ್ರಿ ಬಿಡಿ. ಹೆಡ್ ಅಲ್ಯೂಮಿನಿಯಂದು, ಒಣ ಪ್ಲಗ್ಗನ್ನು ಜಗ್ಗಿದರೆ ತೂತಿನೊಳಗಿನ ತಿರುಪು ಗೆರೆಗಳೂ ಜೊತೆಯಲ್ಲೇ ಕಿತ್ತು ಬರುತ್ತವೆ. ಪ್ಲಗ್ ಬಂದ ಮೇಲೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕೋ ಎಟಿಎಫ್ ಮತ್ತು ಅಸಿಟೋನ್ ಸಮಸಮ ಬೆರೆಸಿ, ಚೆನ್ನಾಗಿ ಕುಲುಕಿ, ಕೂಡಲೇ 20ರಿಂದ 25 ಎಂ.ಎಲ್. ಸುರೀರಿ. ಬಿಟ್ಟರೆ ಎರಡೂ ಬೇರೆಯಾಗುತ್ತೆ, ಅದಕ್ಕೇ ಕುಲುಕೋದು. ಅಸಿಟೋನ್ ಬಣ್ಣ ತಿನ್ನುತ್ತೆ, ಬೆಂಕಿಯೂ ಬೇಗ ಹಿಡಿಯುತ್ತೆ. ಬಯಲಲ್ಲಿ ಮಾಡಿ. ದಿನಕ್ಕೆ 10 ಎಂ.ಎಲ್. ಮತ್ತೆ ಸೇರಿಸ್ತಾ ಮೂರು ದಿನ ಬಿಡಿ. ಹಾಕಿದ್ದು ಒಳಗಿಳಿದು ಖಾಲಿಯಾಗ್ತಿದ್ದರೆ ಒಳ್ಳೇ ಲಕ್ಷಣ, ರಿಂಗನ್ನು ದಾಟಿ ಹೋಗ್ತಿದೆ ಅಂತ ಅರ್ಥ. ಡೀಸೆಲ್ ಕೂಡ ಕೆಲಸ ಮಾಡುತ್ತೆ, ಆದರೆ ನಿಧಾನ. ಬಿರುಕಿಗೆ ನುಸುಳೋದರಲ್ಲಿ ಅದು ಈ ಮಿಶ್ರಣಕ್ಕೆ ಸಮ ಅಲ್ಲ.

ನಾಲ್ಕನೇ ದಿನ ಮೇನ್ ಸ್ಟ್ಯಾಂಡ್ ಹಾಕಿ, ಟಾಪ್ ಗೇರಿಗೆ ತನ್ನಿ, ಹಿಂದಿನ ಚಕ್ರ ಹಿಡಿದು ಮುಂದೆ ಹಿಂದೆ ತೊಟ್ಟಿಲ ಹಾಗೆ ಆಡಿಸಿ. ಟಾಪ್ ಗೇರೇ ಯಾಕೆ ಅಂದರೆ, ಅದರಲ್ಲಿ ಚಕ್ರದ ಒಂದು ಸುತ್ತಿಗೆ ಕ್ರ್ಯಾಂಕ್ ಸುತ್ತೋದು ಕಡಿಮೆ. ಆದ್ದರಿಂದ ನಿಮ್ಮ ಕೈಬಲ ಕ್ರ್ಯಾಂಕಿಗೆ ಹೆಚ್ಚು ತಲುಪುತ್ತೆ. ಫಸ್ಟ್ ಗೇರಿನಲ್ಲಿ ಎಷ್ಟು ತಳ್ಳಿದರೂ ಎಂಜಿನ್ ಅಲ್ಲಾಡಲ್ಲ. ಇನ್ನೊಂದು ದಾರಿ, ಮ್ಯಾಗ್ನೆಟ್ ಕವರಿನ ಮುಚ್ಚಳ ತೆಗೆದು ಕ್ರ್ಯಾಂಕ್ ನಟ್ಟಿಗೆ ಸಾಕೆಟ್ ಹಾಕೋದು. ಆಗ ನಟ್ಟು ಬಿಗಿಯಾಗೋ ದಿಕ್ಕಿಗೆ ಮಾತ್ರ, ಮೆಲ್ಲಗೆ. ಉದ್ದನೆ ಪೈಪು ತೂರಿಸಿ ಜಗ್ಗೋದು ಬೇಡ.

ಕೂದಲೆಳೆಯಷ್ಟು ಅಲುಗಿದರೂ ಅಲ್ಲಿಗೆ ನಿಲ್ಲಿಸಿ, ಮತ್ತೆ 10 ಎಂ.ಎಲ್. ಹಾಕಿ, ಮರುದಿನ ಬನ್ನಿ. ಬ್ಲಾಕಿಗೆ ಬಿಸಿಗಾಳಿ ಕೊಟ್ಟರೂ ಅನುಕೂಲವಾಗುತ್ತೆ, ಆದರೆ ಅಸಿಟೋನ್ ಪೂರ್ತಿ ಆರಿದ ಮೇಲೆ ಮಾತ್ರ. ಹತ್ತು ದಿನ ಕಳೆದರೂ ಏನೂ ಆಗದಿದ್ದರೆ ಹೆಡ್ಡು, ಬ್ಲಾಕು ಬಿಚ್ಚೋದೇ ಸರಿ.

ತಿರುಗಿತು ಅಂತ ಒದೆಯೋಕೆ ಹೋಗಬೇಡಿ. ಟ್ಯಾಪೆಟ್ ಮುಚ್ಚಳ ತೆಗೆದು, ಕೈಯಲ್ಲೇ ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ಸುತ್ತಿಸಿ. ಎರಡು ವಾಲ್ವೂ ಇಳಿದು ವಾಪಸ್ ಮೇಲೆ ಬರ್ತಿದೆಯಾ ನೋಡಿ. ಇಳಿದ ವಾಲ್ವು ಅಲ್ಲೇ ನಿಂತರೆ ಅದನ್ನು ಒತ್ತೋ ತೋಳು, ಅಂದರೆ ರಾಕರ್, ಸಡಿಲವಾಗಿ ಆಡುತ್ತೆ. ಆಗ ವಾಲ್ವಿನ ಕಡ್ಡಿಗೆ ಆಯಿಲ್ ಬಿಟ್ಟು ನೆನೆಸಿ ಬಿಡಿಸಬೇಕು. ಹಾಗೇ ಸುತ್ತಿದರೆ ಪಿಸ್ಟನ್ ಬಂದು ಬಡಿದು ವಾಲ್ವು ಬಾಗಬಹುದು.

ಬೆಳ್ಳಗಿನ ಆಯಿಲ್ ಅಂದರೆ ನೀರು ಸೇರಿದೆ. ಎಂಜಿನ್ ತಿರುಗೋ ಮೊದಲೇ ಇಳಿಸಬೇಡಿ, ನೆನೆಸಿದ ಮಿಶ್ರಣವೂ ಕೆಳಗೆ ಬಂದ ಮೇಲೆ ಒಟ್ಟಿಗೆ ಇಳಿಸಿ. ಆಯಿಲ್ ಸೋಸೋ ಜಾಲರಿ ಬಿಚ್ಚಿ ತೊಳೀರಿ. ಮ್ಯಾನ್ಯುಯಲ್ ಹೇಳಿದ ಗ್ರೇಡಿನ, ಜಾಸೋ ಎಂಎ ಅಂತ ಗುರುತಿರೋ ಹೊಸ ಆಯಿಲ್ ಹಾಕಿ. ಕಾರಿನ ಆಯಿಲ್ ಬೇಡ, ಅದರಲ್ಲಿ ಜಾರಿಸೋ ಮದ್ದು ಇರೋದುಂಟು, ಆಯಿಲಿನಲ್ಲೇ ಮುಳುಗಿರೋ ಕ್ಲಚ್ ಪ್ಲೇಟುಗಳು ಜಾರುತ್ತವೆ. ಎಂಜಿನ್ ಮೊದಲ ಸಲ ಹತ್ತು ಹದಿನೈದು ನಿಮಿಷ ಓಡಿದ ಮೇಲೆ ಈ ಆಯಿಲನ್ನೂ ಬಿಸಿಯಾಗಿರುವಾಗಲೇ ಇಳಿಸಿಬಿಡಿ. ಇನ್ನೊಂದು ಸಲ ಸುಮಾರು 300 ಕಿಲೋಮೀಟರಿಗೆ. ನೀರು ಒಂದೇ ಸಲಕ್ಕೆ ಪೂರ್ತಿ ಹೋಗಲ್ಲ.

ಸ್ಟಾರ್ಟ್ ಮಾಡೋದು ಕೊನೆಗೆ. ಎಂಜಿನ್ ಬಿಡಿಸೋದು, ಟ್ಯಾಂಕು, ಕಾರ್ಬೊರೇಟರ್, ಬ್ರೇಕು, ವೈರಿಂಗ್, ಆಮೇಲೆ ಕಿಡಿ. ಬ್ರೇಕಿಲ್ಲದ ಗಾಡಿ ಸ್ಟಾರ್ಟ್ ಆದ ಕೂಡಲೇ ಒಂದು ಸುತ್ತು ಹಾಕಿ ಬರೋ ಆಸೆ ಹುಟ್ಟುತ್ತೆ, ಪೆಟ್ಟಾಗೋದು ಅಲ್ಲೇ.

ಸೆಕೆಂಡ್‌ಗೇರ್:

ಡೀಸೆಲ್ ಸುರಿದು, ಸೆಕೆಂಡ್ ಗೇರ್ ಹಾಕಿ, ಇಬ್ಬರು ಸೇರಿ ತಳ್ಳಿದರೆ ಬಿಟ್ಟುಕೊಳ್ಳುತ್ತೆ. ಇಷ್ಟೆಲ್ಲ ದಿನ ಕಾಯೋದು ಯಾಕೆ?

ಟ್ಯಾಪೆಟ್‌ಸದ್ದು:

ಬಿಟ್ಟುಕೊಳ್ಳಬಹುದು, ಆದರೆ ಹೇಗೆ ಬಿಟ್ಟುಕೊಂಡಿತು ಅಂತ ಗೊತ್ತಾಗಲ್ಲ. ಗಾಡಿಯ ಭಾರ, ಇಬ್ಬರ ಓಟ ಎಲ್ಲ ಸೇರಿ ಒಂದೇ ಏಟಿಗೆ ರಿಂಗಿನ ಮೇಲೆ ಬೀಳುತ್ತೆ. ತುಕ್ಕಿನ ದಿಣ್ಣೆ ಒಡೆಯದಿದ್ದರೆ ರಿಂಗು ಒಡೆಯುತ್ತೆ, ಆ ಚೂರು ಬೋರನ್ನು ಉದ್ದಕ್ಕೂ ಗೀರುತ್ತೆ. ಇನ್ನೊಂದು ಅಪಾಯ, ಪ್ಲಗ್ ಹಾಕಿ ತಳ್ಳಿದರೆ ಡೀಸೆಲ್ ಒಳಗೇ ಇರುತ್ತೆ. ದ್ರವ ಒತ್ತಡಕ್ಕೆ ಕುಗ್ಗಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತೆ. ದ್ರವ ಹಾಕಿದ ಎಂಜಿನ್ನನ್ನು ಪ್ಲಗ್ ತೆಗೆದೇ ತಿರುಗಿಸಬೇಕು. ತೂತಿಗೆ ಬಟ್ಟೆ ಅಡ್ಡ ಹಿಡಿದು, ಮುಖ ಪಕ್ಕಕ್ಕಿಟ್ಟು.

ತುಕ್ಕುಪುರಾಣ:

ಟ್ಯಾಂಕು ಮತ್ತು ಕಾರ್ಬೊರೇಟರ್ ಬಗ್ಗೆ ಬರೆಯುತ್ತೇನೆ, ಏಕೆಂದರೆ ಸ್ಟಾರ್ಟ್ ಆಗಿ ಮೂರೇ ದಿನಕ್ಕೆ ಮತ್ತೆ ನಿಲ್ಲುವ ಗಾಡಿಗಳಲ್ಲಿ ಹೆಚ್ಚಿನವು ನಿಲ್ಲುವುದು ಇಲ್ಲಿಯೇ.

ಹಳೆಯ ಪೆಟ್ರೋಲನ್ನು ಯಾವ ಕಾರಣಕ್ಕೂ ಎಂಜಿನ್ನಿಗೆ ಕೊಡಬೇಡಿ, ಹೊಸದರ ಜೊತೆ ಬೆರೆಸಲೂ ಬೇಡಿ. ಹಗುರ ಅಂಶಗಳೆಲ್ಲ ಆವಿಯಾಗಿ, ಉಳಿದದ್ದು ಗಾಳಿ ಸೇರಿ ಅಂಟಾಗಿರುತ್ತದೆ. ಎಥೆನಾಲ್ ಬೆರೆಸಿದ ಪೆಟ್ರೋಲ್ ಆಗಿದ್ದರೆ ಅದು ಗಾಳಿಯಿಂದ ನೀರನ್ನೂ ಹೀರಿಕೊಂಡಿರುತ್ತದೆ. ಒಂದು ಮಿತಿ ದಾಟಿದ ಮೇಲೆ ನೀರು ಮತ್ತು ಎಥೆನಾಲ್ ಬೇರೆಯಾಗಿ ತಳಕ್ಕೆ ಕೂರುತ್ತವೆ. ಟ್ಯಾಂಕಿನ ತಳ ಮೊದಲು ತೂತಾಗುವುದು ಇದರಿಂದಲೇ.

ಟ್ಯಾಂಕ್ ಇಳಿಸಿ, ಪೆಟ್ರೋಲ್ ಕಾಕ್ ಬಿಚ್ಚಿ, ಖಾಲಿ ಮಾಡಿ. ನೇರವಾಗಿ ಆಸಿಡ್ ಸುರಿಯುವುದು ತಪ್ಪು. ತುಕ್ಕಿನ ಮೇಲೆ ಅಂಟಿನ ಪೊರೆ ಇರುತ್ತದೆ, ಆಸಿಡ್ ಅದನ್ನು ದಾಟುವುದಿಲ್ಲ. ಮೊದಲು ಬಿಸಿನೀರು ಮತ್ತು ಬಟ್ಟೆ ಸೋಪಿನ ಪುಡಿ ಹಾಕಿ ಎರಡು ಮೂರು ಬಾರಿ ಕುಲುಕಿ ತೊಳೆಯಿರಿ. ಪೆಟ್ರೋಲ್ ಆವಿಯೂ ಇದರಿಂದ ಹೋಗುತ್ತದೆ. ದಪ್ಪ ಪೊರೆಯಾಗಿ ಏಳುವ ತುಕ್ಕಿದ್ದರೆ ಒಂದು ಹಳೆಯ ಚೈನಿನ ತುಂಡು ಒಳಗೆ ಬಿಟ್ಟು ಅಲ್ಲಾಡಿಸಿ. ನಟ್ಟು ಬೋಲ್ಟು ಹಾಕುವವರಿದ್ದಾರೆ, ಅವುಗಳಲ್ಲಿ ಒಂದೆರಡು ಒಳಗೇ ಉಳಿಯುತ್ತವೆ. ಚೈನು ಇಡಿಯಾಗಿ ಹೊರಬರುತ್ತದೆ.

ಆಸಿಡ್ ಅಂದರೆ ಸಿಟ್ರಿಕ್ ಆಸಿಡ್ ಪುಡಿ. ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ, ತುಕ್ಕು ಜಾಸ್ತಿಯಿದ್ದರೆ 100 ಗ್ರಾಂ. 12 ಲೀಟರ್ ಟ್ಯಾಂಕಿಗೆ ಕನಿಷ್ಠ 600 ಗ್ರಾಂ ಬೇಕು. ಕಾಕಿನ ತೂತಿಗೆ ರಬ್ಬರ್ ಬಿರಡೆ ಹಾಕಿ, ಕತ್ತಿನವರೆಗೆ ತುಂಬಿಸಿ. ಅರ್ಧ ತುಂಬಿಸಿದರೆ ಮೇಲಿನ ತುಕ್ಕು ಹಾಗೇ ಉಳಿದು ಆಮೇಲೆ ಕೆಳಗೆ ಉದುರುತ್ತದೆ. ಮುಚ್ಚಳ ಮುಚ್ಚಬೇಡಿ, ಹೈಡ್ರೋಜನ್ ಏಳುತ್ತದೆ, ಹತ್ತಿರ ಬೆಂಕಿ ಇರಬಾರದು. 12ರಿಂದ 24 ಗಂಟೆ ಸಾಕು, ನಡುವೆ ಎರಡು ಬಾರಿ ನೋಡಿ. ಎರಡು ದಿನಕ್ಕಿಂತ ಹೆಚ್ಚು ಬಿಟ್ಟರೆ ಒಳ್ಳೆಯ ತಗಡನ್ನೂ ತಿನ್ನತೊಡಗುತ್ತದೆ. ಹೊರಗಿನ ಬಣ್ಣ ಉಳಿಯಬೇಕಾದರೆ ಬಾಯಿಯ ಸುತ್ತ ಪೆಟ್ರೋಲಿಯಂ ಜೆಲ್ಲಿ ಬಳಿಯಿರಿ.

ಶೌಚಾಲಯ ತೊಳೆಯುವ ಆಸಿಡ್ ಮಾತ್ರ ಬೇಡ. ಅದು ಹೈಡ್ರೋಕ್ಲೋರಿಕ್. ತುಕ್ಕಿನ ಜೊತೆ ಉಕ್ಕನ್ನೂ ಬೇಗ ತಿನ್ನುತ್ತದೆ, ಬೆಸುಗೆಯ ಸಂದಿನಲ್ಲಿ ಉಳಿದ ಕ್ಲೋರೈಡು ವಾರದೊಳಗೆ ಹೊಸ ತುಕ್ಕು ತರುತ್ತದೆ. ವಿನೆಗರ್ ಕೆಲಸ ಮಾಡುತ್ತದೆ, ಆದರೆ ನಿಧಾನ.

ಇಲ್ಲಿಂದ ಮುಂದೆ ಕೈ ಚುರುಕಾಗಿರಬೇಕು. ಆಸಿಡ್ ಚೆಲ್ಲಿ, ನೀರಿನಲ್ಲಿ ತೊಳೆದು, ಲೀಟರಿಗೆ ಎರಡು ಚಮಚ ಅಡುಗೆ ಸೋಡಾ ಬೆರೆಸಿದ ನೀರು ಹಾಕಿ ಕುಲುಕಿ, ಮತ್ತೆ ತೊಳೆದು, ಕೂಡಲೇ ಬಿಸಿಗಾಳಿಯಿಂದ ಒಣಗಿಸಿ. ಹಸಿ ಉಕ್ಕು ಬೆತ್ತಲಾಗಿರುವುದರಿಂದ ಅರ್ಧ ಗಂಟೆ ತೇವ ನಿಂತರೂ ಕಿತ್ತಳೆ ಪುಡಿ ಮೂಡುತ್ತದೆ. ಒಣಗಿದ ಮೇಲೆ 200 ಎಂ.ಎಲ್. ಪೆಟ್ರೋಲಿಗೆ 50 ಎಂ.ಎಲ್. ಟೂ ಸ್ಟ್ರೋಕ್ ಆಯಿಲ್ ಬೆರೆಸಿ ಒಳಗೆಲ್ಲ ಸವರುವ ಹಾಗೆ ತಿರುಗಿಸಿ. ಸೂಜಿ ತೂತುಗಳು ಕಂಡರೆ ಎಪಾಕ್ಸಿ ಲೈನರ್ ಹಾಕಬಹುದು. ಪೆಟ್ರೋಲ್ ಇದ್ದ ಟ್ಯಾಂಕಿಗೆ ಬೆಂಕಿಯ ಬೆಸುಗೆ ಹಾಕಿಸುವುದು ಪ್ರಾಣಾಪಾಯ, ಅದನ್ನು ಆವಿ ಪೂರ್ತಿ ತೆಗೆದು ಮಾಡಲು ಗೊತ್ತಿರುವವರಿಗೇ ಬಿಡಿ.

ಕಾರ್ಬೊರೇಟರ್. ಬಿಚ್ಚುವಾಗ ಪೈಲಟ್ ಸ್ಕ್ರೂವನ್ನು (ನಿಧಾನ ಓಟದ ಮಿಶ್ರಣ ಹೊಂದಿಸುವ ತಿರುಪು) ಮೊದಲು ಒಳಕ್ಕೆ ತಿರುಗಿಸಿ, ಮೆತ್ತಗೆ ಕೂರುವವರೆಗೆ ಎಷ್ಟು ಸುತ್ತು ಎಂದು ಎಣಿಸಿ ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಸುತ್ತಿನೊಳಗೆ ಇರುತ್ತದೆ. ಜೆಟ್ಟು ಎಂದರೆ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಹಿತ್ತಾಳೆ ತುಂಡು. ಮೇನ್ ಜೆಟ್ಟು ಕಣ್ಣಿಗೆ ಕಾಣುತ್ತದೆ, ಸುಲಭ. ಗಾಡಿ ಸತಾಯಿಸುವುದು ಪೈಲಟ್ ಜೆಟ್ಟಿನಿಂದ. ಅದರ ತೂತು ಅರ್ಧ ಮಿಲಿಮೀಟರೂ ಇರುವುದಿಲ್ಲ, ಅಂಟು ಮೊದಲು ಮುಚ್ಚುವುದು ಅದನ್ನೇ. ಒಂದು ರಾತ್ರಿ ಕಾರ್ಬ್ ಕ್ಲೀನರಿನಲ್ಲಿ ನೆನೆಹಾಕಿ, ಗಾಳಿ ಊದಿ, ಬೆಳಕಿಗೆ ಹಿಡಿದು ನೋಡಿ. ತೂತು ದುಂಡಗೆ ಕಾಣಬೇಕು. ಚುಚ್ಚಲೇಬೇಕಾದರೆ ವೈರಿನೊಳಗಿನ ಒಂದೆಳೆ ತಾಮ್ರ ಮಾತ್ರ. ಉಕ್ಕಿನ ತಂತಿ ಹಿತ್ತಾಳೆಯನ್ನು ಕೆರೆದು ಅಳತೆ ಕೆಡಿಸುತ್ತದೆ.

ವ್ಯಾಕ್ಯೂಮ್ ಡಯಾಫ್ರಮ್ ಇರುವ ಕಾರ್ಬೊರೇಟರ್ ಆಗಿದ್ದರೆ, ಕ್ಲೀನರ್ ಸೋಕುವ ಮೊದಲೇ ಆ ರಬ್ಬರನ್ನು ತೆಗೆದು ಪಕ್ಕಕ್ಕಿಡಿ. ಸೋಕಿದರೆ ಉಬ್ಬಿ ಮತ್ತೆ ತನ್ನ ಜಾಗದಲ್ಲಿ ಕೂರುವುದಿಲ್ಲ. ಫ್ಲೋಟ್ ಸೂಜಿ, ಬೌಲಿನ ಓ ರಿಂಗು, ಪೆಟ್ರೋಲ್ ಪೈಪು ಮೂರನ್ನೂ ಹೊಸತು ಹಾಕಿ, ಪೈಪಿನ ನಡುವೆ ಒಂದು ಫಿಲ್ಟರ್ ಇರಲಿ. ಏರ್ ಫಿಲ್ಟರ್ ಡಬ್ಬಿ ತೆರೆದು ನೋಡದೆ ಮುಂದೆ ಹೋಗಬೇಡಿ. ಇಲಿ ಗೂಡು ಕಟ್ಟಿರುತ್ತದೆ, ಸ್ಪಂಜಿನ ಫಿಲ್ಟರ್ ಮುಟ್ಟಿದರೆ ಪುಡಿಯಾಗುತ್ತದೆ, ಆ ಪುಡಿಯೆಲ್ಲ ಎಂಜಿನ್ನಿಗೆ ಹೋಗುತ್ತದೆ. ಸೈಲೆನ್ಸರಿನ ತುದಿಯಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿದ್ದರೆ ಹೊಗೆಗೆ ದಾರಿಯೇ ಇರುವುದಿಲ್ಲ.

ಡ್ರಮ್‌ಬ್ರೇಕ್:

ಮುಂದಿನ ಚಕ್ರ ಹಿಡಿದಿದೆ ಅಂದ್ರಲ್ಲ, ಬಿಚ್ಚೋ ಮೊದಲು ಒಂದು ಪರೀಕ್ಷೆ ಮಾಡಿ. ಡಿಸ್ಕನ್ನು ಅಮುಕೋ ಕ್ಯಾಲಿಪರಿನ ಬ್ಲೀಡ್ ನಿಪ್ಪಲ್ (ಬ್ರೇಕ್ ಫ್ಲೂಯಿಡ್ ಹೊರಬಿಡೋ ತಿರುಪು) ಅರ್ಧ ಸುತ್ತು ಸಡಿಲಿಸಿ. ಚಕ್ರ ಬಿಟ್ಟುಕೊಂಡರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತು ಅಂತ. ಬ್ರೇಕ್ ಲಿವರ್ ಹತ್ತಿರದ ಮಾಸ್ಟರ್ ಸಿಲಿಂಡರಿನ ತಳದಲ್ಲಿ ಎರಡು ತೂತಿರುತ್ತೆ, ಚಿಕ್ಕದು ಮುಚ್ಚಿದರೆ ಫ್ಲೂಯಿಡ್ ವಾಪಸ್ ಬರಲ್ಲ. ಹಳೇ ರಬ್ಬರ್ ಹೋಸು ಒಳಗಡೆ ಊದಿಕೊಂಡರೂ ಇದೇ ತೊಂದರೆ, ಹೋಗೋಕೆ ಬಿಡುತ್ತೆ, ಬರೋಕೆ ಬಿಡಲ್ಲ. ನಿಪ್ಪಲ್ ಸಡಿಲಿಸಿದರೂ ಚಕ್ರ ತಿರುಗದಿದ್ದರೆ ಪಿಸ್ಟನ್ ಕಚ್ಚಿದೆ, ಇಲ್ಲವೇ ಪ್ಯಾಡು ಡಿಸ್ಕಿಗೆ ತುಕ್ಕು ಹಿಡಿದು ಅಂಟಿದೆ.

ನಿಪ್ಪಲ್ಲಿಗೆ ಆರು ಮೂಲೆಯ ಸಾಕೆಟ್ಟೇ ಹಾಕಿ, ಹನ್ನೆರಡು ಮೂಲೆಯದು ಮೂಲೆ ಸವೆಸುತ್ತೆ. ಹಿಂದಿನ ದಿನವೇ ಆಯಿಲ್ ಬಿಟ್ಟು ನೆನೆಸಿ.

ಕ್ಯಾಲಿಪರ್ ಪಿಸ್ಟನ್ ಹೊರಗೆ ತರೋಕೆ ಉತ್ತಮ ದಾರಿ ಬ್ರೇಕ್ ಲಿವರೇ. ಹೋಸು ಬಿಚ್ಚದೆ, ಪ್ಯಾಡು ತೆಗೆದು, ಲಿವರ್ ಒತ್ತುತ್ತಾ ಹೋದರೆ ಫ್ಲೂಯಿಡ್ಡೇ ತಳ್ಳಿ ತರುತ್ತೆ. ಮಾಸ್ಟರ್ ಸಿಲಿಂಡರೂ ಸತ್ತಿದ್ದರೆ ಗಾಳಿ ಕೊಡಬೇಕಾಗುತ್ತೆ. ಆಗ ಪಿಸ್ಟನ್ ಎದುರಿಗೆ ಮರದ ತುಂಡಿಟ್ಟು ಬಟ್ಟೆ ಸುತ್ತಿ, ಕಡಿಮೆ ಒತ್ತಡದಿಂದ ಶುರು ಮಾಡಿ. ಪಿಸ್ಟನ್ ಗುಂಡಿನ ಹಾಗೆ ಹಾರುತ್ತೆ, ಎದುರಿಗೆ ಬೆರಳು ಇರಲೇಬಾರದು. ಪಕ್ಕಡದಲ್ಲಿ ಕಚ್ಚಿ ಎಳೆಯಬೇಡಿ, ಗೀರು ಬಿದ್ದ ಪಿಸ್ಟನ್ ಸೀಲನ್ನು ಕೊಯ್ಯುತ್ತೆ.

ಹೊಸ ಸೀಲು ಹಾಕಿದರೂ ಬ್ರೇಕ್ ಹಿಡಿಯುತ್ತೆ ಅನ್ನೋ ದೂರಿಗೆ ಕಾರಣ ಸೀಲು ಕೂರೋ ತೋಡು. ಆ ತೋಡಿನ ತಳದಲ್ಲಿ ಅಲ್ಯೂಮಿನಿಯಂ ಬೆಳ್ಳಗೆ ಸುಣ್ಣದ ಹಾಗೆ ಗಟ್ಟಿಯಾಗಿರುತ್ತೆ. ಅದು ಸೀಲನ್ನು ಹೊರಕ್ಕೆ ದೂಡಿ ಪಿಸ್ಟನ್ನನ್ನು ಬಿಗಿಯುತ್ತೆ. ಬಿದಿರಿನ ಕಡ್ಡಿ ಚೂಪು ಮಾಡಿ ಪೂರ್ತಿ ಕೆರೆದು ತೆಗೀರಿ. ಸೀಲಿಗೆ ಹೊಸ ಬ್ರೇಕ್ ಫ್ಲೂಯಿಡ್ ಸವರಿ ಕೂರಿಸಿ. ಗ್ರೀಸು, ಎಂಜಿನ್ ಆಯಿಲ್, ಪೆಟ್ರೋಲ್ ಯಾವುದೂ ಆ ರಬ್ಬರಿಗೆ ತಾಗಬಾರದು. ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿದ್ದರೆ ಅದನ್ನೇ ಹಾಕಿ. ಡಾಟ್ 5 ಸಿಲಿಕೋನಿಂದು, ಇವುಗಳ ಜೊತೆ ಬೆರೆಯಲ್ಲ. ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಕೆತ್ತಿರುತ್ತೆ, ತುಕ್ಕು ಹೋದ ಮೇಲೆ ಅಳೆದು ನೋಡಿ.

ಹಿಂದಿನ ಡ್ರಮ್ ತಿರುಗ್ತಿದೆ ಅಂತ ಬಿಡಬೇಡಿ. ತೇವದಲ್ಲಿ ನಿಂತ ಶೂಗಳ ಲೈನಿಂಗ್ ಅಂಟು ಬಿಟ್ಟಿರುತ್ತೆ. ಓಡುವಾಗ ಬ್ರೇಕ್ ಒತ್ತಿದರೆ ಲೈನಿಂಗ್ ಕಳಚಿ ಮಡಚಿಕೊಂಡು ಚಕ್ರವನ್ನೇ ಹಿಡಿದು ನಿಲ್ಲಿಸುತ್ತೆ. ಅಂಚಿನಲ್ಲಿ ಉಗುರು ಹೋಗುವಷ್ಟು ಎದ್ದಿದ್ದರೂ ಶೂ ಬದಲಿಸಿ. ಬ್ರೇಕ್ ಕ್ಯಾಮ್ ಹೊರಗೆ ತೆಗೆದು, ಎಮೆರಿ ಕಾಗದದಲ್ಲಿ ಉಜ್ಜಿ, ಬಿಸಿ ತಡೆಯೋ ಗ್ರೀಸ್ ತೆಳ್ಳಗೆ ಹಚ್ಚಿ. ಒಳಗಿನ ಧೂಳನ್ನು ಊದಬೇಡಿ, ಹಳೇ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಟೈರು ಎರಡೂ ಹೊಸದೇ. ಪಕ್ಕದಲ್ಲಿ ನಾಲ್ಕಂಕಿ ಒತ್ತಿರುತ್ತೆ, 2318 ಅಂದರೆ 2018ರ 23ನೇ ವಾರ ತಯಾರಾದದ್ದು. ಟೈರಿನ ಮೇಲಿನ ತೋಡು ಎಷ್ಟೇ ಆಳವಿದ್ದರೂ ಬಿರುಕು ಬಿಟ್ಟ ರಬ್ಬರು ರಸ್ತೆ ಹಿಡಿಯಲ್ಲ. ಟ್ಯೂಬ್ ಟೈರಾದರೆ ಟ್ಯೂಬೂ ಹೊಸದಿರಲಿ. ಚಕ್ರ ಬಿಚ್ಚಿದಾಗಲೇ ಬೇರಿಂಗಿಗೆ ಬೆರಳು ಹಾಕಿ ತಿರುಗಿಸಿ, ಕರಕರ ಅಂದರೆ ಬದಲಿಸಿ. ಚೈನಿನ ಕೊಂಡಿಗಳು ಮಡಚಿದ ಹಾಗೇ ನಿಂತಿದ್ದರೆ ಚೈನು, ಎರಡು ಸ್ಪ್ರಾಕೆಟ್ಟು ಒಟ್ಟಿಗೆ ಹಾಕಿ.

ಫ್ಯೂಸ್15:

ವೈರಿಂಗ್ ಬಗ್ಗೆ ಚಿಕ್ಕದಾಗಿ. 3 ವೋಲ್ಟಿಗೆ ಇಳಿದ ಲೆಡ್ ಆಸಿಡ್ ಬ್ಯಾಟರಿ ಮತ್ತೆ ಏಳಲ್ಲ, ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿದೆ. ಹೊಸದು ತಂದು ನೇರ ಸಿಕ್ಕಿಸಬೇಡಿ. ಇಲಿ ಕಡಿದ ವೈರು ಎಲ್ಲೋ ಫ್ರೇಮಿಗೆ ತಾಗಿದ್ದರೆ ಸಾಲಾಗಿ ಫ್ಯೂಸು ಸುಡ್ತಾ ಹೋಗುತ್ತೆ. ಫ್ಯೂಸ್ ತೆಗೆದು ಅದರ ಎರಡು ತುದಿಗೆ 12 ವೋಲ್ಟಿನ 21 ವ್ಯಾಟ್ ಬಲ್ಬ್ ಜೋಡಿಸಿ. ಕೀ ಆಫ್ ಇರುವಾಗ ಬಲ್ಬ್ ಉರಿಯಬಾರದು. ಕೀ ಹಾಕಿ ಲೈಟೆಲ್ಲ ಆಫ್ ಇಟ್ಟಾಗಲೂ ಬಲ್ಬ್ ಪೂರ್ತಿ ಬೆಳಕು ಕೊಟ್ಟರೆ ಶಾರ್ಟ್ ಇದೆ. ವೈರಿನ ಕಂತೆಯನ್ನು ಒಂದೊಂದೇ ಜಾಗದಲ್ಲಿ ಅಲ್ಲಾಡಿಸ್ತಾ ಹೋಗಿ, ಬಲ್ಬ್ ಮಂಕಾದ ಕಡೆ ದೋಷ ಇರುತ್ತೆ.

ಕಿಡಿ ಬರದಿದ್ದರೆ ಸಿಡಿಐ (ಕಿಡಿ ಹೊಡೆಸೋ ಎಲೆಕ್ಟ್ರಾನಿಕ್ ಡಬ್ಬಿ) ದೂರೋ ಮೊದಲು ಮೂರು ನೋಡಿ: ಎಂಜಿನ್ ಕಿಲ್ ಸ್ವಿಚ್ಚಿನ ಒಳಗಿನ ಹಸಿರು ಕಿಲುಬು, ಫ್ರೇಮಿಗೆ ಬಿಗಿದ ಅರ್ಥ್ ವೈರಿನ ಬುಡ, ಪ್ಲಗ್ ಕ್ಯಾಪು. ಅರ್ಥ್ ಬುಡವನ್ನು ಲೋಹ ಹೊಳೆಯೋವರೆಗೂ ಉಜ್ಜಿ. ಡಿಸಿ ಸಿಡಿಐ, ಅಂದರೆ ಬ್ಯಾಟರಿಯಿಂದ ನಡೆಯೋದು, ಇರೋ ಗಾಡಿಗೆ ಒಳ್ಳೇ ಬ್ಯಾಟರಿ ಇಲ್ಲದೆ ಕಿಡಿಯೇ ಬರಲ್ಲ, ಕಿಕ್ಕರ್ ಹೊಡೆದರೂ. ಪ್ಲಗ್ ಹೊಸದೇ ಹಾಕಿ, ಗ್ಯಾಪ್ ಸಾಮಾನ್ಯವಾಗಿ 0.7ರಿಂದ 0.8 ಮಿ.ಮೀ. ಕಿಡಿ ಪರೀಕ್ಷಿಸುವಾಗ ಪ್ಲಗ್ಗನ್ನು ಹೆಡ್ಡಿಗೆ ತಾಗಿಸಿಡಿ, ಆದರೆ ಪ್ಲಗ್ ತೂತಿನಿಂದ ದೂರ. ಅಲ್ಲಿ ಆವಿ ಇರುತ್ತೆ.

ಓಡಿದ ಮೇಲೆ 4000 ಆರ್‌ಪಿಎಂ ಹತ್ತಿರ ಬ್ಯಾಟರಿ ತುದಿಯಲ್ಲಿ 13.8ರಿಂದ 14.5 ವೋಲ್ಟ್ ಬರಬೇಕು. 15 ದಾಟಿದರೆ ರೆಗ್ಯುಲೇಟರ್ ಹೋಗಿದೆ, ಹೊಸ ಬ್ಯಾಟರಿ ಕುದಿಯುತ್ತೆ. ಓಡ್ತಿರೋ ಎಂಜಿನ್ನಿನ ಬ್ಯಾಟರಿ ಕಳಚಬೇಡಿ, ಬಲ್ಬೂ ಸಿಡಿಐಯೂ ಸುಟ್ಟುಹೋಗಬಹುದು.

ಒಂಟಿಸಿಲಿಂಡರ್:

ಎಲ್ಲರಿಗೂ ಧನ್ಯವಾದ. ಐದನೇ ದಿನಕ್ಕೆ ಎಂಜಿನ್ ಬಿಟ್ಟುಕೊಂಡಿತು. ವಾಲ್ವು ಎರಡೂ ಆಡ್ತಿವೆ. ಸಿಲಿಂಡರಿನ ಒತ್ತಡ ಅಳೆಯೋ ಕಂಪ್ರೆಷನ್ ಗೇಜಿನಲ್ಲಿ ಚದರ ಸೆಂಟಿಮೀಟರಿಗೆ 7 ಕೆಜಿ ಬಂತು, 5 ಎಂ.ಎಲ್. ಆಯಿಲ್ ಹಾಕಿ ನೋಡಿದರೆ 9. ಟ್ಯಾಂಕ್ ಇನ್ನೂ ಕೂರಿಸಿಲ್ಲ, ಬಾಟಲಿಯಿಂದ ಪೆಟ್ರೋಲ್ ಕೊಟ್ಟು ಸ್ಟಾರ್ಟ್ ಆಯಿತು. ಈಗ ಮೂರು ತೊಂದರೆ. ಚೋಕ್ ಎಳೆದಿದ್ದರೆ ಮಾತ್ರ ಓಡುತ್ತೆ, ತಳ್ಳಿದರೆ ನಿಲ್ಲುತ್ತೆ. ಕಾರ್ಬೊರೇಟರಿನ ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತೆ. ಕ್ಲಚ್ ಹಿಡಿದು ಗೇರ್ ಹಾಕಿದರೆ ಎಂಜಿನ್ ನಿಂತುಹೋಗುತ್ತೆ. ಬಿಳಿ ಹೊಗೆಯೂ ಜೋರಾಗಿದೆ.

ಟ್ಯಾಪೆಟ್‌ಸದ್ದು:

ಹೊಗೆಗೆ ಹೆದರಬೇಡಿ. ಬೋರಿಗೆ ಹಾಕಿದ ಆಯಿಲೆಲ್ಲ ಸೈಲೆನ್ಸರಿನಲ್ಲಿ ಕೂತಿದೆ, ಅದು ಉರಿದು ಮುಗಿಯೋಕೆ ಹತ್ತು ನಿಮಿಷ ಓಡಬೇಕು. ಆಮೇಲೂ ನೀಲಿ ಹೊಗೆ ಬಂದರೆ ಯೋಚಿಸೋಣ. ನಿಂತಲ್ಲೇ ಉದ್ದಕ್ಕೆ ಓಡಿಸಬೇಡಿ, ಏರ್ ಕೂಲ್ಡ್ ಎಂಜಿನ್ನಿಗೆ ಗಾಳಿ ಬೇಕು. ಎದುರಿಗೆ ಒಂದು ಫ್ಯಾನ್ ಇಡಿ.

7 ಇದ್ದದ್ದು ಆಯಿಲ್ ಹಾಕಿದಾಗ 9 ಆಯಿತು ಅಂದರೆ ಸೋರೋದು ರಿಂಗಿನ ಕಡೆ. ವಾಲ್ವಿನ ಕಡೆ ಸೋರಿದ್ದರೆ ಆಯಿಲ್ ಹಾಕಿದರೂ ಮುಳ್ಳು ಮೇಲೇರ್ತಿರಲಿಲ್ಲ. ಆದರೆ ಇಷ್ಟಕ್ಕೇ ಬೋರು ಬಿಚ್ಚಬೇಡಿ. ರಿಂಗುಗಳು ತಮ್ಮ ತೋಡಿನಲ್ಲಿ ಅಂಟಿಕೊಂಡಿರುತ್ತವೆ, ಬಿಸಿಯಾಗಿ ಓಡಿದಂತೆ ಬಿಟ್ಟುಕೊಳ್ಳುತ್ತವೆ. ಬ್ರೇಕ್ ಸರಿಯಾದ ಮೇಲೆ 200 ಕಿಲೋಮೀಟರ್ ಓಡಿಸಿ, ಥ್ರಾಟಲ್ ಪೂರ್ತಿ ತೆರೆದು ಮತ್ತೆ ಅಳೀರಿ. ಆಗಲೂ 7ರಲ್ಲೇ ನಿಂತು, ಆಯಿಲ್ ಕುಡಿಯೋಕೆ ಶುರು ಮಾಡಿದರೆ ಬಿಚ್ಚೋ ಮಾತು.

ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಅಂಟಿವೆ. ಎಂಜಿನ್ ಬಿಸಿ ಮಾಡಿ ಆಫ್ ಮಾಡಿ, ಕ್ಲಚ್ ಲಿವರನ್ನು ಹಿಡಿಗೆ ಕಟ್ಟಿ ರಾತ್ರಿ ಬಿಡಿ. ಬೆಳಿಗ್ಗೆ ಕಟ್ಟಿದ ಹಾಗೇ ಟಾಪ್ ಗೇರಿನಲ್ಲಿ ಗಾಡಿಯನ್ನು ಮುಂದೆ ಹಿಂದೆ ಜಗ್ಗಿ, ಟಕ್ ಅಂತ ಬಿಡಬಹುದು. ಬಿಡದಿದ್ದರೆ ಬಲಗಡೆ ಕ್ಲಚ್ ಕವರ್ ಬಿಚ್ಚಿ ಪ್ಲೇಟು ಬಿಡಿಸಿ. ಉಕ್ಕಿನ ಪ್ಲೇಟಿನ ತುಕ್ಕು ಸಣ್ಣ ಎಮೆರಿಯಲ್ಲಿ ತೆಗೆದು, ಹೊಸ ಆಯಿಲಿನಲ್ಲಿ ಅದ್ದಿ ಜೋಡಿಸಿ. ಗ್ಯಾಸ್ಕೆಟ್ ಮೊದಲೇ ತಂದಿಟ್ಟುಕೊಳ್ಳಿ, ಹಳೆಯದು ಹರಿಯದೆ ಬರೋದು ಅಪರೂಪ. ನೀರು ಬೆರೆತ ಆಯಿಲಿನಲ್ಲಿ ನೆನೆದ ಫ್ರಿಕ್ಷನ್ ಪ್ಲೇಟಿನ ಬಿಲ್ಲೆಗಳು ಉದುರ್ತಿದ್ದರೆ ಅವೂ ಹೊಸದು.

ತುಕ್ಕುಪುರಾಣ:

ಚೋಕ್ ಎಳೆದಾಗ ಮಾತ್ರ ಓಡುತ್ತದೆ ಎಂದರೆ ಪೆಟ್ರೋಲ್ ಕಡಿಮೆ ಅಥವಾ ಗಾಳಿ ಜಾಸ್ತಿ. ಮೊದಲು ಗಾಳಿ ನೋಡಿ, ಅದಕ್ಕೆ ಬಿಚ್ಚುವ ಕೆಲಸವಿಲ್ಲ. ಕಾರ್ಬೊರೇಟರಿಗೂ ಹೆಡ್ಡಿಗೂ ನಡುವಿನ ರಬ್ಬರನ್ನು ಬಾಗಿಸಿ ನೋಡಿದರೆ ಸೀಳು ಕಾಣುತ್ತದೆ. ಕಾಣದಿದ್ದರೆ, ಎಂಜಿನ್ ಓಡುತ್ತಿರುವಾಗ ಸೋಪಿನ ನೀರನ್ನು ಆ ರಬ್ಬರಿನ ಸುತ್ತ ಚಿಮುಕಿಸಿ. ಓಟದ ಸದ್ದು ಬದಲಾದರೆ ಸೋರುವ ಜಾಗ ಅದೇ. ಅಲ್ಲಿ ಸರಿಯಿದ್ದರೆ ಪೈಲಟ್ ಜೆಟ್ಟು ಇನ್ನೂ ಪೂರ್ತಿ ತೆರೆದಿಲ್ಲ. ಜೆಟ್ಟು ಸ್ವಚ್ಛವಿದ್ದರೂ ಬಾಡಿಯೊಳಗಿನ ಓಣಿ ಮುಚ್ಚಿರಬಹುದು. ಪೈಲಟ್ ಸ್ಕ್ರೂ ಪೂರ್ತಿ ತೆಗೆದು, ಆ ತೂತಿನಿಂದ ಕ್ಲೀನರ್ ಹೊಡೆದರೆ ಥ್ರಾಟಲ್ ಪಕ್ಕದ ಸಣ್ಣ ತೂತುಗಳಿಂದ ಹೊರಗೆ ಚಿಮ್ಮಬೇಕು. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಮಾಡಿ. ಸ್ಕ್ರೂವಿನ ಹಿಂದೆ ಸ್ಪ್ರಿಂಗು, ಪುಟ್ಟ ವಾಷರ್, ಓ ರಿಂಗು ಇರುತ್ತವೆ, ಓ ರಿಂಗು ಒಳಗೇ ಅಂಟಿ ಉಳಿಯುತ್ತದೆ. ಅದನ್ನು ತೆಗೆಯದೆ ಕ್ಲೀನರ್ ಹೊಡೆಯಬೇಡಿ.

ತೊಟ್ಟಿಕ್ಕುವುದು ಫ್ಲೋಟ್ ಸೂಜಿ ಕೂರದೆ. ಸೂಜಿ ಹೊಸದಾದರೂ ಅದು ಕೂರುವ ಹಿತ್ತಾಳೆಯ ಪೀಠದಲ್ಲಿ ಕಸವೋ ಹಸಿರು ಕಿಲುಬೋ ಇರುತ್ತದೆ. ಕಿವಿಗೆ ಹಾಕುವ ಹತ್ತಿ ಕಡ್ಡಿಗೆ ಲೋಹ ಹೊಳಪಿಸುವ ಪೇಸ್ಟು ಹಚ್ಚಿ ಬೆರಳಲ್ಲಿ ಹತ್ತಿಪ್ಪತ್ತು ಬಾರಿ ತಿರುಗಿಸಿ, ಚೆನ್ನಾಗಿ ತೊಳೆಯಿರಿ. ಜೋಡಿಸುವ ಮೊದಲು ಪೆಟ್ರೋಲ್ ಪೈಪಿಗೆ ಬಾಯಿಂದ ಊದಿ ಪರೀಕ್ಷಿಸಬಹುದು. ಕಾರ್ಬೊರೇಟರನ್ನು ತಲೆಕೆಳಗು ಹಿಡಿದರೆ ಗಾಳಿ ಹೋಗಬಾರದು, ನೇರ ಹಿಡಿದರೆ ಹೋಗಬೇಕು. ಇದಕ್ಕೆ ಹೊಸ ಪೈಪನ್ನೇ ಬಳಸಿ.

ಒಂಟಿಸಿಲಿಂಡರ್:

ರಬ್ಬರಿನ ಕೆಳಭಾಗದಲ್ಲಿ ಸೀಳು ಸಿಕ್ಕಿತು. ಇನ್ನೊಂದೇ ಪ್ರಶ್ನೆ, ಫೋರ್ಕ್ ಕೊಳವೆಯ ತುಕ್ಕು. ಉಗುರು ಆಡಿಸಿದರೆ ಎರಡು ಮೂರು ಕಡೆ ತಡೆಯುತ್ತೆ.

ಡ್ರಮ್‌ಬ್ರೇಕ್:

ಚುಕ್ಕೆ ಎಲ್ಲಿದೆ ಅನ್ನೋದರ ಮೇಲೆ ನಿಂತಿದೆ. ಕೊಳವೆಗೆ ಒಂದು ಕೇಬಲ್ ಟೈ ಬಿಗಿದು, ಸೀಲಿನವರೆಗೆ ಇಳಿಸಿ, ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಮೇಲೆ ಪೂರ್ತಿ ಭಾರ ಹಾಕಿ. ಟೈ ಎಲ್ಲಿಯವರೆಗೆ ಮೇಲೇರುತ್ತೋ ಅಷ್ಟು ಜಾಗದಲ್ಲಿ ಸೀಲು ದಿನಾ ಉಜ್ಜುತ್ತೆ. ಗುಂಡಿಯಲ್ಲಿ ಇಳಿದಾಗ ಇನ್ನೂ ಮೇಲೆ ಹೋಗುತ್ತೆ, ಅದಕ್ಕೆ ಎರಡು ಮೂರಿಂಚು ಸೇರಿಸಿ ಲೆಕ್ಕ ಹಾಕಿ. ಅದಕ್ಕೂ ಮೇಲಿನ ಚುಕ್ಕೆ ನೋಡೋಕೆ ಮಾತ್ರ ಕೆಟ್ಟದು.

ಸೀಲು ಓಡಾಡೋ ಜಾಗದಲ್ಲಿದ್ದರೆ, 1000 ನಂಬರಿನ ಎಮೆರಿಗೆ ಆಯಿಲ್ ಹಾಕಿ, ಎದ್ದಿರೋ ಅಂಚನ್ನು ಮಾತ್ರ ಇಳಿಸಿ. ಮೇಲೆ ಕೆಳಗೆ ಉಜ್ಜಬೇಡಿ, ಕೊಳವೆಯ ಸುತ್ತ ಅಡ್ಡಡ್ಡ ಉಜ್ಜಿ. ಉದ್ದುದ್ದ ಗೀರು ಬಿದ್ದರೆ ಅದೇ ಆಯಿಲ್ ಹೊರಬರೋ ಕಾಲುವೆಯಾಗುತ್ತೆ. ಕುಳಿಯನ್ನು ಪೆಟ್ರೋಲ್ ಬಟ್ಟೆಯಿಂದ ಒರೆಸಿ, ಎಪಾಕ್ಸಿ ತುಂಬಿ, ಒಂದು ದಿನ ಗಟ್ಟಿಯಾಗಲು ಬಿಟ್ಟು, ಸಮ ಮಾಡಿ. ಎರಡು ಮೂರು ಕುಳಿಗೆ ಇದು ನಡೆಯುತ್ತೆ. ಮೈತುಂಬ ಇದ್ದು ಕ್ರೋಮ್ ಸಿಪ್ಪೆ ಏಳ್ತಿದ್ದರೆ ಕೊಳವೆಯನ್ನೇ ಬದಲಿಸಿ.

ಕೊಳವೆ ಹೊರಬಂದಿದ್ದಾಗ ಹಳೇ ಫೋರ್ಕ್ ಆಯಿಲ್ ಪೂರ್ತಿ ಚೆಲ್ಲಿ, ತಳದ ಕೆಸರು ತೊಳೆದು, ಮ್ಯಾನ್ಯುಯಲ್ ಅಳತೆಯಷ್ಟು ಹೊಸದು ಹಾಕಿ. ಎರಡೂ ಕಾಲಿಗೆ ಅಳತೆ ಒಂದೇ ಇರಲಿ. ಹ್ಯಾಂಡಲ್ ಬೇರಿಂಗನ್ನೂ ಈಗಲೇ ನೋಡಿ. ಮುಂದಿನ ಚಕ್ರ ಎತ್ತಿ ಮೆಲ್ಲಗೆ ತಿರುಗಿಸುವಾಗ ನಡುವಿನಲ್ಲಿ ಕಚ್ಚಿದ ಹಾಗೆ ನಿಂತರೆ ಗುಂಡುಗಳು ಬಟ್ಟಲಿನಲ್ಲಿ ಗುಳಿ ಮಾಡಿವೆ, ಗ್ರೀಸಿನಿಂದ ಸರಿಹೋಗಲ್ಲ. ಹೊಸ ಸೀಲು ಇಳಿಸುವಾಗ ಕೊಳವೆಯ ಮೇಲ್ತುದಿಗೆ ತೆಳ್ಳನೆ ಪ್ಲಾಸ್ಟಿಕ್ ಚೀಲದ ತುಂಡು ಹೊದಿಸಿ, ಅದರ ಮೇಲೆ ಫೋರ್ಕ್ ಆಯಿಲ್ ಸವರಿ, ಸೀಲನ್ನು ಅದರ ಮೇಲಿಂದ ಜಾರಿಸಿ. ಚೂಪು ಅಂಚು ತಾಗದೆ ಸೀಲಿನ ತುಟಿ ಉಳಿಯುತ್ತೆ.